ಸ್ವಂತ ಇಚ್ಛೆಯ ಕಾಗದ

ಈ ಪ್ರವಾಸದ ಕೆಲವು ವಿವರಗಳು ತಪ್ಪಿರಬಹುದು. ವಿಶಾಖಪಟ್ಟಣದ ನಮ್ಮ ಶಾಖೆಯ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಆಮೇಲೆ ನಕ್ಷೆ ತೆಗೆದು ನೋಡಿದರೆ ಆ ಕಟ್ಟಡಕ್ಕೂ ಸಮುದ್ರಕ್ಕೂ ನಡುವೆ ಒಂದು ಗುಡ್ಡವಿದೆ. ಹಾಗಾಗಿ ನನ್ನ ಸಮುದ್ರವನ್ನು ಯಾರೂ ನಂಬಬೇಕಾಗಿಲ್ಲ. ಜನರು ಆಡಿದ ಮಾತುಗಳನ್ನು ಮಾತ್ರ ಆಯಾ ದಿನವೇ ಬರೆದಿಟ್ಟದ್ದರಿಂದ ಅವು ಹೆಚ್ಚುಕಡಿಮೆ ಸರಿಯಾಗಿವೆ.

ಏಪ್ರಿಲ್ ತಿಂಗಳ ಒಂದು ಬುಧವಾರ ಮಧ್ಯಾಹ್ನ ಹೈದರಾಬಾದಿನಿಂದ ವಿಮಾನ ಹತ್ತಿದೆ. ಒಂದೂಕಾಲು ಗಂಟೆಯ ಹಾರಾಟ. ಸರಕು ಸಾಗಿಸುವ ಕಂಪನಿಯೊಂದರ ಸಿಬ್ಬಂದಿ ವಿಭಾಗದಲ್ಲಿ ನಾನು ಹದಿನಾಲ್ಕು ವರ್ಷದಿಂದ ಇದ್ದೇನೆ. ಈ ಸಲ ಹೊರಟದ್ದು ವಿಶಾಖಪಟ್ಟಣದ ಶಾಖೆಯ ಒಂಬತ್ತು ಜನರಿಂದ ರಾಜೀನಾಮೆ ಬರೆಸಿಕೊಳ್ಳಲಿಕ್ಕೆ. ಬರೆಸಿಕೊಳ್ಳಲಿಕ್ಕೆ ಎಂಬುದು ಬಾಯಿಮಾತು. ಒಂಬತ್ತೂ ಪತ್ರಗಳು ಮೊದಲೇ ಅಚ್ಚಾಗಿ ನನ್ನ ಚೀಲದಲ್ಲಿದ್ದವು, ಅವರು ಸಹಿ ಹಾಕುವುದಷ್ಟೇ ಬಾಕಿ. ಎಲ್ಲದರಲ್ಲೂ ಒಂದೇ ವಾಕ್ಯ: ‘ವೈಯಕ್ತಿಕ ಕಾರಣಗಳಿಂದ, ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಂತ ಇಚ್ಛೆಯಿಂದ ಈ ಹುದ್ದೆಯನ್ನು ಬಿಡುತ್ತಿದ್ದೇನೆ.’ ಆರು ವರ್ಷದ ಹಿಂದೆ ಆ ವಾಕ್ಯವನ್ನು ರೂಪಿಸಿದವಳು ನಾನೇ. ವಕೀಲರು ಮೆಚ್ಚಿದರು. ಈಗ ಎಲ್ಲ ಶಾಖೆಗಳಲ್ಲೂ ಅದೇ ನಮೂನೆ.

ನನ್ನ ಲ್ಯಾಪ್‌ಟಾಪಿನಲ್ಲಿ ಹತ್ತನೆಯ ಪತ್ರವೊಂದಿತ್ತು. ಅದು ನನ್ನದು, ನಾಲ್ಕು ತಿಂಗಳಿಂದ ಕಳಿಸದೆ ಇಟ್ಟುಕೊಂಡದ್ದು. ನಿದ್ದೆಯಲ್ಲಿ ಹಲ್ಲು ಕಡಿದು ಕಡಿದು ಎರಡು ದವಡೆ ಹಲ್ಲು ಬಿರುಕು ಬಿಟ್ಟಿದ್ದವು. ಹಲ್ಲಿನ ವೈದ್ಯೆ ರಾತ್ರಿ ಹಾಕಿಕೊಳ್ಳಲು ಪ್ಲಾಸ್ಟಿಕ್ಕಿನ ಕವಚ ಕೊಟ್ಟು, “ಏನು ಕೆಲಸ ಮಾಡ್ತೀರಿ?” ಎಂದು ಕೇಳಿದಾಗ, ಕಾಗದ ಬರೆಯುವ ಕೆಲಸ ಅಂದೆ. ಇಷ್ಟರಲ್ಲೇ ನಮ್ಮ ಮೇಲಧಿಕಾರಿ ನನಗೆ ಇಡೀ ದಕ್ಷಿಣ ವಲಯದ ಹೊಣೆ ಕೊಡುವುದಾಗಿ ಹೇಳಿ, ಸೋಮವಾರದೊಳಗೆ ಉತ್ತರ ಕೇಳಿದ್ದರು. ಒಪ್ಪಬೇಕು, ಇಲ್ಲವೇ ಹತ್ತನೆಯ ಪತ್ರ ಕಳಿಸಬೇಕು. ನಡುವಿನ ದಿನಗಳಲ್ಲಿ ವಿಜಯವಾಡಕ್ಕೆ ಹೋಗಿ ಚಿಗವ್ವನನ್ನು ಕೇಳಿ ನಿರ್ಧರಿಸುವುದು ಎಂದುಕೊಂಡಿದ್ದೆ.

ಚಿಗವ್ವ ಅಂದರೆ ಅಮ್ಮನ ತಂಗಿ ಗಿರಿಜಾ, ವಿಜಯವಾಡದ ಬ್ಯಾಂಕೊಂದರಲ್ಲಿ ಕ್ಲರ್ಕ್ ಆಗಿದ್ದು ಹೋದ ವರ್ಷ ನಿವೃತ್ತಳಾದವಳು. ಆಫೀಸರ್ ಆಗಿ ಬಡ್ತಿ ಬಂದರೆ ಊರು ಬಿಡಬೇಕಾಗುತ್ತದೆಂದು ಬ್ಯಾಂಕಿನವರು ‘ಬಡ್ತಿ ಬೇಡ’ ಎಂದು ಬರೆದುಕೊಡುವುದುಂಟು. ಅವಳೂ ಹಾಗೆ ಬರೆದುಕೊಟ್ಟವಳು. ನಾನು ಕಾಲೇಜಿನಲ್ಲಿದ್ದಾಗ ಧಾರವಾಡದ ಒಂದು ಮದುವೆಯಲ್ಲಿ, “ನಿಮ್ಮ ಕುರ್ಚಿ ನೀವ ಇಟ್ಕೊಳ್ರಿ ಅಂತ ಬರದು ಒಗದಬಿಟ್ಟೆ” ಎಂದು ಅವಳು ನಗುತ್ತ ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಬೇಡ ಎನ್ನಬಲ್ಲ ಹೆಂಗಸು ನಮ್ಮ ಮನೆತನದಲ್ಲಿ ಒಬ್ಬಳಾದರೂ ಇದ್ದಾಳೆ ಎಂಬ ನೆನಪಿನ ಮೇಲೆ ನಾನು ಇಷ್ಟು ವರ್ಷ ನಡೆದಿದ್ದೆ.

ವಿಶಾಖಪಟ್ಟಣದಲ್ಲಿ ಇಳಿದಾಗ ಬಿಸಿಲಿಗಿಂತ ಸೆಕೆ ಹೆಚ್ಚಿತ್ತು. ಟ್ಯಾಕ್ಸಿಯಲ್ಲಿ ಕೂರುವುದರೊಳಗೆ ಅಂಗಿ ಬೆನ್ನಿಗೆ ಅಂಟಿತು. ಮರುದಿನ ಬೆಳಿಗ್ಗೆ ವಸತಿಗೃಹದ ಎದುರಿನ ಹೋಟೆಲಿನಲ್ಲಿ ಶುಂಠಿ ಚಟ್ನಿಯ ಜೊತೆ ಪೆಸರಟ್ಟು ತಿಂದೆ. ಹೆಸರುಕಾಳಿನ ದೋಸೆ ಚೆನ್ನಾಗಿತ್ತು ಎಂದು ಡೈರಿಯಲ್ಲಿದೆ. ರುಚಿ ಈಗ ನೆನಪಿಲ್ಲ.

ಸಹಿ ಹಾಕಿಸುವುದಕ್ಕೂ ಒಂದು ಕ್ರಮವಿದೆ. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಮೇಜಿನ ಮೇಲೆ ಮುಚ್ಚಳ ಸಡಿಲಿಸಿದ ನೀರಿನ ಬಾಟಲಿ. ಕಣ್ಣೊರೆಸುವ ಕಾಗದದ ಡಬ್ಬಿ ಅವರ ಎಡಗೈಗೆ ಎಟುಕುವ ಹಾಗಿರಬೇಕು, ಕೇಳಿ ಪಡೆಯುವಂತಿರಬಾರದು. ಬಲಗೈ ಪೆನ್ನಿಗೆ ಬಿಡುವಾಗಿರಬೇಕು. ಇದನ್ನೂ ತರಬೇತಿಯಲ್ಲಿ ನಾನೇ ಕಲಿಸುತ್ತೇನೆ. ಮಧ್ಯಾಹ್ನದೊಳಗೆ ಆರು ಜನ ಮುಗಿದರು. ಅವರಲ್ಲಿ ಇಬ್ಬರ ಮುಖ ಮಾತ್ರ ನೆನಪಿದೆ.

ಏಳನೆಯವಳು ಲಾವಣ್ಯ, ಬಿಲ್ಲಿಂಗ್ ನೋಡುತ್ತಿದ್ದವಳು. ಕೂತವಳೇ ನನ್ನ ಕೊರಳಿನ ಗುರುತುಚೀಟಿಯಲ್ಲಿ ಹೆಸರು ಓದಿ, “ನೀವು ಕನ್ನಡದವ್ರೇ ಕದಂಡಿ?” ಅಂದಳು. “ನಮ್ಮ ನಾನ್ನಗಾರು ಹೊಸಪೇಟೆಯವ್ರು. ಇಲ್ಲಿ ಸ್ಟೀಲ್ ಪ್ಲಾಂಟಲ್ಲಿ ಮಾಡಿದ್ರು. ನಾನು ಇಲ್ಲೇ ಹುಟ್ಟಿದ್ದು. ಕನ್ನಡ ಮನೇಲಿ ಮಾತ್ರ, ತಪ್ಪಾದ್ರೆ ಏಮನುಕೋಬೇಡಿ.” ಅಪ್ಪನನ್ನು ನಾನ್ನಗಾರು ಎಂದವಳು, ಏನೂ ಅಂದುಕೊಳ್ಳಬೇಡಿ ಎಂಬುದನ್ನೂ ಅರ್ಧ ತೆಲುಗಿನಲ್ಲೇ ಹೇಳಿದಳು.

ನಾನು ಪತ್ರ ಮುಂದಿಟ್ಟೆ. ಅವಳು ಎರಡು ಸಲ ಓದಿದಳು.

“ವೈಯಕ್ತಿಕ ಕಾರಣ ಅಂತ ಇದೆ. ನಂದು ಏನು ಕಾರಣ ಮೇಡಂ?”

“ಅದು ಎಲ್ಲರ ಪತ್ರದಲ್ಲೂ ಇರುವ ವಾಕ್ಯ.”

“ಅದು ಸರಿ ಅಂಡಿ. ಮನೇಲಿ ಅತ್ತೆಗಾರು ಕೇಳ್ತಾರೆ. ನೀವೇ ಬರೆದಿದೀರಲ್ಲ, ಕಾರಣನೂ ನೀವೇ ಒಂದು ಹೇಳಿಬಿಡಿ. ಚೆನ್ನಾಗಿರೋದು ನೋಡಿ ಹೇಳಿ.”

ಅವಳು ಅಳಲಿಲ್ಲ. ಡಬ್ಬಿಯನ್ನು ನನ್ನ ಕಡೆಗೆ ಸರಿಸಿ, ಸಹಿ ಹಾಕಿ, ಹೊರಡುವಾಗ, “ಊಟ ಆಯ್ತಾ ಮೇಡಂ?” ಎಂದು ಕೇಳಿದಳು. ತೆಲುಗು ನಾಡಿನ ಮರ್ಯಾದೆ ಅದು, ಯಾರಿಗೂ ತಪ್ಪಿಸುವುದಿಲ್ಲ. ನಾನು ಆಯ್ತು ಅಂದೆ.

ಸಂಜೆ ಕಡಲತೀರದ ರಸ್ತೆಯಲ್ಲಿ ಮಂಡಕ್ಕಿಗೆ ಈರುಳ್ಳಿ, ನಿಂಬೆ ಕಲಸಿದ್ದನ್ನು ಮೂವತ್ತು ರೂಪಾಯಿಗೆ ಕೊಂಡು ಕಟ್ಟೆಯ ಮೇಲೆ ಕೂತೆ. ದವಡೆ ನೋಯುತ್ತಿದ್ದುದರಿಂದ ಅಗಿಯಲಾಗಲಿಲ್ಲ. ಕಿಟಕಿಯಿಂದ ಕಂಡಿತೆಂದು ನಾನು ಬರೆದ ಸಮುದ್ರ ಬಹುಶಃ ಇದೇ ಇರಬೇಕು.

ಶುಕ್ರವಾರ ಬೆಳಗಿನ ರೈಲು. ವಿಜಯವಾಡಕ್ಕೆ ಮುನ್ನೂರೈವತ್ತು ಕಿಲೋಮೀಟರು, ಆರು ತಾಸು. ಚೇರ್‌ಕಾರಿನ ಟಿಕೆಟ್ಟು ಆರುನೂರರ ಆಸುಪಾಸು. ರಾಜಮಂಡ್ರಿಯ ಹತ್ತಿರ ಗೋದಾವರಿ ದಾಟುವಾಗ ಪಕ್ಕದ ಹೆಂಗಸು ಕಿಟಕಿಗೆ ಕೈ ಮುಗಿದಳು. ನಾನು ಆ ಹೊತ್ತಿನಲ್ಲಿ ಕಾಕಾ ಕಳಿಸಿದ ಸಂದೇಶ ಓದುತ್ತಿದ್ದೆ. ಕಾಕಾ ಚಿಗವ್ವನ ಗಂಡ, ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದವರು. ನಿವೃತ್ತರಾಗಿ ಆರು ವರ್ಷವಾದರೂ ಸ್ಥಾವರದ ಟಿಪ್ಪಣಿಯ ಹಾಗೆಯೇ ಬರೆಯುತ್ತಾರೆ: ‘೧. ಪೂರ್ವದ ಬಾಗಿಲಿನಿಂದ ಹೊರಗೆ ಬರುವುದು. ೨. ಪ್ರೀಪೇಯ್ಡ್ ಆಟೋ ಹಿಡಿಯುವುದು. ೩. ಗವರ್ನರ್‌ಪೇಟೆ ಎಂದು ಹೇಳುವುದು. ೪. ಮೇಲ್ಕಂಡ ಯಾವುದರಲ್ಲೇ ಅಡಚಣೆಯಾದರೂ ಕೂಡಲೇ ಗಮನಕ್ಕೆ ತರುವುದು.’ ನಾನು ನಕ್ಕೆ. ಆ ವಾರ ನಕ್ಕದ್ದು ಅದೊಂದೇ ಸಲ.

ಗವರ್ನರ್‌ಪೇಟೆಯಲ್ಲಿ ಎರಡು ಸಗಟು ಅಂಗಡಿಗಳ ನಡುವಿನ ಮೆಟ್ಟಿಲು ಹತ್ತಿದರೆ ಎರಡನೆಯ ಮಹಡಿಯಲ್ಲಿ ಅವರ ಮನೆ. ಕೆಳಗೆ ಆಟೋಗಳ ಗದ್ದಲ, ಒಳಗೆ ಧಾರವಾಡ. ಚಿಗವ್ವ ಬಾಗಿಲು ತೆಗೆದು, “ಬಾರವಾ ಸುಮಾ, ಎಷ್ಟ ಸೊರಗೀದಿ” ಅಂದಳು. ಕಾಕಾ ಗಡಿಯಾರ ನೋಡಿ, “ಆಟೋದಾವಾ ಸುತ್ತ ಹೊಡದ ತಂದಾನ. ಹನ್ನೆರಡು ನಿಮಿಷ ಹೆಚ್ಚಾಗ್ಯದ” ಅಂದರು.

ಊಟಕ್ಕೆ ಜೋಳದ ರೊಟ್ಟಿಯೂ ಪುಂಡಿಸೊಪ್ಪಿನ ಗೋಂಗೂರ ಪಚ್ಚಡಿಯೂ ಒಂದೇ ತಟ್ಟೆಯಲ್ಲಿದ್ದವು. ನಾನು ಬಂದ ಕಾರಣವನ್ನು ಹೇಳಿದೆ: ಕೆಲಸ ಬಿಡಬೇಕು ಅನ್ನಿಸಿದೆ, ಧೈರ್ಯ ಸಾಲದು, ಸೋಮವಾರ ಉತ್ತರ ಕೊಡಬೇಕು. ಆಮೇಲೆ ಚಿಗವ್ವನ ಕಡೆ ತಿರುಗಿ, “ನೀ ಬಡ್ತಿ ಬ್ಯಾಡ ಅಂದಿದ್ದೆಲ್ಲ, ಮುಂದ ಎಂದರ ಕೆಟ್ಟ ಅನ್ನಿಸಿತೇನು?” ಎಂದು ಕೇಳಿದೆ.

ಉತ್ತರ ಕೊಟ್ಟವರು ಕಾಕಾ. “ಕೆಟ್ಟ ಯಾಕ ಅನ್ನಿಸ್ತದ? ಹೊತ್ತಿಗೆ ಸರಿ ಮನಿಗೆ ಬಂದ್ಲು, ಆರಾಮ ಇದ್ಲು. ನೋಡೀಗ, ಬಿ.ಪಿ. ಇಲ್ಲ, ಶುಗರ್ ಇಲ್ಲ. ನೀನೂ ಬಿಟ್ಟಬಿಡು. ಹೆಂಗ ಬರೀಬೇಕು ಗೊತ್ತಿಲ್ಲಂದ್ರ ನಾ ಹೇಳಿಕೊಡ್ತೀನಿ.”

“ಅಕಿ ದಿನಾ ಬರಿಯೂದ ಅದನ್ನ” ಅಂದಳು ಚಿಗವ್ವ. “ನಿಮ್ಮ ಕಡೆಯಿಂದೇನ ಕಲೀತಾಳ?”

ಕಾಕಾ ಕೇಳಿಸಿಕೊಳ್ಳಲಿಲ್ಲ. ಕೈ ತೊಳೆದು ಕಪಾಟಿನಿಂದ ಒಂದು ಪ್ಲಾಸ್ಟಿಕ್ ಕಡತ ತಂದರು. ಗ್ಯಾಸಿನ ರಸೀದಿಯಿಂದ ಹಿಡಿದು ಎಲ್ಲದರ ನಕಲೂ ಅದರಲ್ಲಿತ್ತು. “ನೋಡು, ನಿಮ್ಮ ಚಿಗವ್ವನ ಕಾಗದ. ಒಂದ ಅಕ್ಷರ ತಿದ್ದಲಾರದ ಮ್ಯಾನೇಜರ್ ಪಾಸ್ ಮಾಡಿದಾ” ಎಂದು ಹೆಮ್ಮೆಯಿಂದ ಕೊಟ್ಟರು.

ಅಕ್ಷರ ಚಿಗವ್ವನದೇ, ದುಂಡಗೆ, ಬಲಕ್ಕೆ ವಾಲಿದ್ದು. ಆದರೆ ಇಂಗ್ಲಿಷಿನ ಆ ಒಕ್ಕಣೆ, ಕನ್ನಡದಲ್ಲಿ ಹೇಳುವುದಾದರೆ, ಹೀಗಿತ್ತು: ‘೧. ಪತಿಯು ಪಾಳಿ ಕೆಲಸದಲ್ಲಿರುವುದು. ೨. ಮಗು ಚಿಕ್ಕದಿರುವುದು. ೩. ಮೇಲ್ಕಂಡ ಕಾರಣಗಳಿಂದ, ಯಾರ ಒತ್ತಾಯವೂ ಇಲ್ಲದೆ, ಬಡ್ತಿಯನ್ನು ಬಿಟ್ಟುಕೊಡುತ್ತಿರುವುದು.’ ಕುರ್ಚಿಯ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಸಹಿ ಹಾಕಿದವರು ತಾವೇ ಬರೆಯದ ಪತ್ರ ಹೇಗಿರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಹದಿನಾಲ್ಕು ವರ್ಷದ ನೌಕರಿಯಲ್ಲಿ ನಾನು ನಿಜವಾಗಿ ಕಲಿತ ವಿದ್ಯೆ ಅದೊಂದೇ. ತಲೆಯೆತ್ತಿ ನೋಡಿದೆ. ಚಿಗವ್ವ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಒಳಗೆ ಹೋದಳು.

ಶನಿವಾರ ಮೂವರೂ ಕಾರಿನಲ್ಲಿ ಮಂಗಳಗಿರಿಗೆ ಹೋದೆವು. ಕೃಷ್ಣೆಯ ಅಣೆಕಟ್ಟೆ ದಾಟಿ ಹನ್ನೆರಡು ಹದಿಮೂರು ಕಿಲೋಮೀಟರು. ಹತ್ತು ಗಂಟೆಗೇ ರಸ್ತೆ ಕಾದು ನಡುಗುತ್ತಿತ್ತು. ಅಲ್ಲಿಯ ಗುಡ್ಡದ ನರಸಿಂಹನಿಗೆ ಬೆಲ್ಲದ ಪಾನಕ ಎರೆಯುತ್ತಾರೆ. ಎರೆದದ್ದರಲ್ಲಿ ಅರ್ಧ ಕುಡಿದು ಅರ್ಧ ಭಕ್ತರಿಗೆ ಬಿಡುತ್ತಾನಂತೆ. ಚಿಗವ್ವನ ಮಂಡಿ ಮೆಟ್ಟಿಲಿಗೆ ಒಗ್ಗದ್ದರಿಂದ ಕಾಕಾ ಒಬ್ಬರೇ ಹತ್ತಿದರು. ನಾವಿಬ್ಬರೂ ಕೆಳಗೆ ಕೈಮಗ್ಗದ ಸೀರೆಯ ಅಂಗಡಿಯಲ್ಲಿ ಚಾಪೆಯ ಮೇಲೆ ಕೂತೆವು.

“ಧಾರವಾಡದ ಮದುವ್ಯಾಗ ನೀ ಹೇಳಿದ್ದು ನೆನಪದ ನನಗ” ಅಂದೆ. “ನಿಮ್ಮ ಕುರ್ಚಿ ನೀವ ಇಟ್ಕೊಳ್ರಿ ಅಂತ.”

“ನಾ ಹೇಳಿಲ್ಲವಾ. ನಿಮ್ಮ ಕಾಕಾ ಹೇಳಿದ್ದು. ನಾಟಕದವರಗತೆ ನನ್ನ ದನಿ ತಗದು ಹೇಳಿದ್ರು. ನಾ ಹೋಳಿಗಿ ಬುಟ್ಟಿ ಹಿಡಕೊಂಡು ಬಾಗಲದಾಗ ನಿಂತಿದ್ದೆ.”

“ನೀ ನಕ್ಕಿದ್ದೆಲ್ಲ?”

“ಎಲ್ಲಾರೂ ನಗಲಿಕತ್ತಿದ್ರು. ನಾನೂ ನಕ್ಕಿರಬೇಕು.”

ಅಂಗಡಿಯವನು ಇನ್ನೊಂದು ಸೀರೆ ಬಿಚ್ಚಿ ಹರವಿದ. ಚಿಗವ್ವ ಅಂಚನ್ನು ಬೆರಳಿನಿಂದ ತಿಕ್ಕಿ ನೋಡುತ್ತ ಹೇಳಿದಳು: “ಪೋಸ್ಟಿಂಗ್ ಗದಗಿಗೆ ಬಂದಿತ್ತು.”

ಗದಗ ಎಂದರೆ ಅಜ್ಜಿಯ ಊರು. ಇದನ್ನು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಹೇಳಿರಲಿಲ್ಲ. ಬಡ್ತಿಯೆಂದರೆ ದೂರದ ಯಾವುದೋ ಊರು ಎಂದೇ ನಾವೆಲ್ಲ ತಿಳಿದಿದ್ದೆವು.

“ಬ್ರಾಂಚಿಂದ ಅವ್ವನ ಮನಿಗೆ ನಡಕೊಂಡು ಹೋಗಬಹುದಿತ್ತು” ಅಂದಳು. “ಮುಂದ ನಾ ಕೆಲಸ ಕಲಿಸಿದ ಹುಡಿಗ್ಯಾರ ಮ್ಯಾನೇಜರ್ ಆಗಿ ಬಂದ್ರು. ಛಲೋ ಹುಡಿಗ್ಯಾರು. ಆಂಟೀಗಾರೂ ಅಂತ ಎದ್ದ ನಿಲ್ತಿದ್ರು.”

“ಆ ಕಾಗದ ಕಾಕಾ ಬರದದ್ದಲ್ಲೇನು?”

“ಅಕ್ಷರ ನಂದ” ಅಂದಳು. ಆಮೇಲೆ ಅಂಗಡಿಯವನಿಗೆ, “ಇಂದುಲೋ ಆಕುಪಚ್ಚ ಉಂದಾ ಅಂಡಿ?” ಎಂದು ಎಲೆಹಸಿರಿನ ಸೀರೆ ಕೇಳಿದಳು. ಕಾಕಾ ಬೆವರೊರೆಸುತ್ತ ಬಂದರು, ಕೈಯಲ್ಲಿ ಅರ್ಧ ಬಾಟಲಿ ಪಾನಕ. ಮೂವರೂ ಒಂದೊಂದು ಗುಟುಕು ಕುಡಿದೆವು. ಎಲೆಹಸಿರು ನನಗೆಂದು ತೆಗೆದದ್ದು ಎಂದು ಚಿಗವ್ವ ಕಾರಿನಲ್ಲಿ ಹೇಳಿದಳು.

ಭಾನುವಾರ ಮಧ್ಯಾಹ್ನದ ರೈಲಿನಲ್ಲಿ ಹೈದರಾಬಾದಿಗೆ ಹೊರಟೆ. ಊರು ದಾಟಿದ ಮೇಲೆ ಲ್ಯಾಪ್‌ಟಾಪ್ ತೆಗೆದು ಹತ್ತನೆಯ ಪತ್ರ ಓದಿದೆ. ‘ವೈಯಕ್ತಿಕ ಕಾರಣಗಳಿಂದ, ಯಾರ ಒತ್ತಾಯವೂ ಇಲ್ಲದೆ...’ ನಾಲ್ಕು ತಿಂಗಳ ಹಿಂದೆ ಅದನ್ನು ನಾನು ಕಣ್ಣೀರು ಹಾಕಿಕೊಂಡು ಬರೆದೆ ಎಂದು ನೆನಪು. ಅಳುತ್ತಲೂ ನಮೂನೆಯನ್ನೇ ಬರೆದಿದ್ದೆ. ಅಳಿಸಿದೆ. ಖಮ್ಮಂ ದಾಟಿದ ಮೇಲೆ ಒಂದು ವಾಕ್ಯ ಬಂತು: ‘ಒಂಬತ್ತು ಜನರ ಪತ್ರಗಳನ್ನು ಬರೆದವಳು ನಾನು, ಇನ್ನು ಬರೆಯಲಾರೆ.’ ಸೋಮವಾರ ಅಷ್ಟನ್ನೇ ಕಳಿಸಿದೆ.

ಮೇಲಧಿಕಾರಿಯ ಉತ್ತರ ಒಂದು ಗಂಟೆಯಲ್ಲಿ ಬಂತು. ವಿಷಾದವಾಯಿತಂತೆ, ಆದರೆ ಈ ರೂಪದಲ್ಲಿ ಸ್ವೀಕರಿಸಲಾಗದು, ದಯವಿಟ್ಟು ಕಂಪನಿಯ ನಮೂನೆಯಲ್ಲಿ ಕಳಿಸಿ. ಜೊತೆಗೆ ನಮೂನೆಯನ್ನೂ ಲಗತ್ತಿಸಿದ್ದರು. ನಾನು ಇನ್ನೂ ಸಹಿ ಹಾಕಿಲ್ಲ; ಹೀಗಾಗಿ ನಾನು ಕೆಲಸ ಬಿಟ್ಟಿದ್ದೇನೋ ಇಲ್ಲವೋ ಎಂಬುದು ಎರಡೂ ಕಡೆ ಇತ್ಯರ್ಥವಾಗಿಲ್ಲ. ಲಾವಣ್ಯ ಮತ್ತು ಉಳಿದ ಎಂಟು ಜನರ ಕೆಲಸ ಮಾತ್ರ ಕ್ರಮಬದ್ಧವಾಗಿ ಹೋಯಿತು.

ಆ ವಾರದ ಕೊನೆಗೆ ಚಿಗವ್ವ ಫೋನ್ ಮಾಡಿ, “ಏನಂತ ಬರದಿ?” ಎಂದು ಕೇಳಿದಳು. ಓದಿ ಹೇಳಿದೆ. ಅವಳು ಇನ್ನೊಮ್ಮೆ ಓದಿಸಿದಳು.

“ಚಿಗವ್ವ, ಆವತ್ತ ಖಾಲಿ ಹಾಳಿ ನಿನ್ನ ಕೈಯಾಗ ಕೊಟ್ಟಿದ್ರ ನೀ ಏನ ಬರೀತಿದ್ದಿ?”

ಆ ಕಡೆ ಕುಕ್ಕರ್ ಕೂಗಿತು. ಯಾರದು ಎಂದು ಕಾಕಾ ಕೇಳಿದ್ದು ಕೇಳಿಸಿತು. ಸುಮಾ ಎಂದು ಅವಳು ಹೇಳಿದ್ದೂ ಕೇಳಿಸಿತು. ಅಂದಿನಿಂದ ಪ್ರತಿ ಭಾನುವಾರವೂ ಅವಳು ಫೋನ್ ಮಾಡುತ್ತಾಳೆ. ಮಾವಿನಹಣ್ಣು ಬಂದದ್ದು, ಮಂಡಿ ನೋವು ಇಳಿದದ್ದು, ಎಲ್ಲ ಹೇಳುತ್ತಾಳೆ, ಸೀರೆ ಉಟ್ಟೆಯೇನು ಎಂದು ವಿಚಾರಿಸುತ್ತಾಳೆ. ನಾನು ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ.