ಮಾವನವರು ಪಳಗಿಸಿದ ಇಂಜಿನ್ನು

“ಇವೇನು ಕೆಟ್ಟಾವೇನು?” ಎಂದು ಮಾವನವರು ಕೇಳಿದಾಗ ನಾನು ಮೊಣಕೈತನಕ ಆಯಿಲ್ ಮಾಡಿಕೊಂಡು ಕೂತಿದ್ದೆ. ಎದುರಿಗೆ ಗೋಣಿತಟ್ಟಿನ ಮೇಲೆ ಅವರ ಕಾರಿನ ನಾಲ್ಕು ಪಿಸ್ಟನ್ನುಗಳು ಸಾಲಾಗಿ ಕೂತಿದ್ದವು.

“ಕೆಟ್ಟಿಲ್ರಿ ಮಾವಾರ.”

“ಮತ್ತ ಯಾಕ ತಗದಿ?”

“ಇನ್ನ ಮುಂದ ಇವು ಸಾಲೂದಿಲ್ರಿ.”

ಹಾಗೆ ಅಂದ ಕೂಡಲೇ ನಾಲಿಗೆ ಕಚ್ಚಿಕೊಳ್ಳಬೇಕಿತ್ತು, ಕಚ್ಚಿಕೊಳ್ಳಲಿಲ್ಲ. ನನ್ನ ಬಾಯಿಗೆ ಬ್ರೇಕಿಲ್ಲ ಎಂದು ತವರಿನವರು ಮದುವೆಗೆ ಮುಂಚೆಯೇ ಹೇಳಿ ಕೈತೊಳೆದುಕೊಂಡಿದ್ದರು. ಮಾವನವರು ಒಂದು ಪಿಸ್ಟನ್ನು ಎತ್ತಿ, ಧೋತರದ ಚುಂಗಿನಿಂದ ಒರೆಸಿ, ತಿರುಗಿಸಿ ನೋಡಿ, ಇದ್ದ ಜಾಗದಲ್ಲೇ ಇಟ್ಟು ಒಳಗೆ ಹೋದರು. ಮರುದಿನದಿಂದ ಅವರು ಎಲ್ಲಿಗೆ ಹೋಗಬೇಕಾದರೂ ಬಸ್ಸು ಹಿಡಿಯತೊಡಗಿದರು.

ಮೊರಬದ ಬಸ್‌ಸ್ಟ್ಯಾಂಡಿನ ಎದುರಿಗೆ ನಮ್ಮದು ಟ್ರ್ಯಾಕ್ಟರ್ ರಿಪೇರಿಯ ಅಂಗಡಿ. ವಯರಿಂಗು, ಗಾಲಿ, ಗಿರಾಕಿಗಳ ಜೊತೆ ನಗುನಗುತ್ತಾ ಮಾತಾಡುವುದು ಇವೆಲ್ಲ ನಮ್ಮ ಮನೆಯವರ ಪಾಲು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು, ಇಂಜಿನ್ ಬಿಚ್ಚುವುದು ನನ್ನ ಪಾಲು. ಬರುವ ಟ್ರ್ಯಾಕ್ಟರು, ಜೀಪುಗಳಲ್ಲಿ ಬಹಳಷ್ಟಕ್ಕೆ ಇಂಜಿನ್ನಿನ ಜೋರು ಹೆಚ್ಚಿಸುವ ಟರ್ಬೋ ಇರುತ್ತದೆ. ಊರವರ ಗಾಡಿಗೆಲ್ಲ ಇರುವುದು ನಮ್ಮ ಪೆಟ್ರೋಲ್ ಕಾರಿಗೆ ಯಾಕಿರಬಾರದು ಎಂಬ ಹುಳ ನನ್ನ ತಲೆ ಹೊಕ್ಕು ಬಹಳ ದಿನವಾಗಿತ್ತು.

ಆ ಕಾರು ಮಾವನವರದು. ಒಂದು ವರ್ಷ ಕಡಲೆ ಚಲೋ ಬಂದಾಗ ಕೊಂಡಿದ್ದಂತೆ. ಅದನ್ನು ಅವರು ನಲವತ್ತರ ಮೇಲೆ ಓಡಿಸಿದ್ದನ್ನು ಕಂಡವರಿಲ್ಲ. ಹೊಲದಲ್ಲಿದ್ದವರು “ಎಲ್ಲಿಗ್ರಿ?” ಎಂದು ಕೂಗಿದರೆ, ಅದಕ್ಕೆ ಉತ್ತರ ಕೊಟ್ಟು, ಅವರ ಮನೆಮಂದಿಯನ್ನೆಲ್ಲ ವಿಚಾರಿಸಿ ಮುಗಿಸುವವರೆಗೂ ಕಾರು ಆ ಹೊಲ ದಾಟುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಟರ್ಬೋಗೆ ಅವರು ಒಪ್ಪಿದ್ದರು. “ಅದೇನೋ ಹಾಕ್ತೀನಿ ಅಂತೀಯಲ್ಲ, ಹಾಕು” ಅಂದಿದ್ದರು. ಹೊಸ ಹಾರ್ನ್ ಕೂಡಿಸಿದಂತೆ ಹೊರಗಿನಿಂದ ಏನೋ ಕೂಡಿಸುತ್ತಾಳೆ ಎಂದುಕೊಂಡಿದ್ದರು ಪಾಪ. ಟರ್ಬೋ ಇಂಜಿನ್ನಿನೊಳಗೆ ಹೆಚ್ಚು ಗಾಳಿ ತುರುಕುತ್ತದೆ. ಗಾಳಿ ಹೆಚ್ಚಾದಷ್ಟು ಪೆಟ್ರೋಲು ಹೆಚ್ಚು ಉರಿದು ಪಿಸ್ಟನ್ನಿನ ನೆತ್ತಿಗೆ ಬೀಳುವ ಪೆಟ್ಟೂ ಜೋರಾಗುತ್ತದೆ. ಎರಕ ಹೊಯ್ದು ಮಾಡಿದ ಹಳೆಯ ಪಿಸ್ಟನ್ನು ಆ ಪೆಟ್ಟಿಗೆ ಸೀಳಬಹುದು, ಅದರ ಕೆಳಗಿನ ರಾಡು ಬಾಗಬಹುದು. ಹಾಗಾಗಿ ಬಡಿದು ಗಟ್ಟಿ ಮಾಡಿದ ಹೊಸ ಪಿಸ್ಟನ್ನು, ಹೊಸ ರಾಡು, ಹೊಸ ಬೇರಿಂಗು, ಇಂಜಿನ್ನಿನ ಹೆಡ್ಡನ್ನು ಬಿಗಿಯುವ ದಪ್ಪ ಬೋಲ್ಟು ಎಲ್ಲ ತರಿಸಿದೆ. ನಮ್ಮ ಮನೆಯವರು ಇದನ್ನು ಅತ್ತೆಗೆ ತಿಳಿಸಲು ಹೋಗಿ, “ನಾಕ ಮಂದಿ ಅಡಗಿ ಮಾಡೋ ಒಲಿ ಮ್ಯಾಲೆ ಮದುವಿ ಅಡಗಿ ಇಟ್ಟಂಗ ಬೇ, ಒಲಿ ಗಟ್ಟಿ ಬೇಕು” ಅಂದರು. ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, “ಅದೆಲ್ಲಾ ಖರೇ, ಮದುವಿ ಯಾರದು?” ಎಂದು ಕೇಳಿದರು.

ಮಾವನವರು ಸಿಟ್ಟಾಗಿ ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವರು ಕೂಗಾಡುವವರಲ್ಲ. ಅಂಗಡಿಯ ಎದುರಿಗೇ ಬಸ್ಸು ಕಾಯುತ್ತಾ ಕೂಡುತ್ತಿದ್ದರು. ಹೋಗಿ ಬರುವವರು “ಯಾಕ್ರಿ, ಕಾರಿಗೇನಾತು?” ಎಂದು ಕೇಳಿದರೆ, ನಮಗೆ ಕೇಳಿಸುವಷ್ಟು ಗಟ್ಟಿಯಾಗಿ, “ಅದು ಇನ್ನ ಸಾಲೂದಿಲ್ಲಂತ್ರಿ” ಅನ್ನುತ್ತಿದ್ದರು. ನಮ್ಮ ಮನೆಯವರು ತಟ್ಟನೆ ಯಾವುದಾದರೂ ಟ್ರ್ಯಾಕ್ಟರಿನ ಕೆಳಗೆ ಸೇರಿಕೊಳ್ಳುತ್ತಿದ್ದರು.

ಒಂದು ಸಂಜೆ ಅತ್ತೆಯೇ ನನ್ನ ಕಿವಿ ಹಿಂಡಿದರು. “ಎತ್ತು ಮಾರಿದ್ವಿ. ಹೊಲ ಲಾವಣಿಗೆ ಹಾಕಿ ಮಂದಿ ಕೈಗೆ ಕೊಟ್ವಿ. ಅವರ ಕೈಯಾಗ ಉಳದದ್ದು ಅದೊಂದ ಸ್ಟೇರಿಂಗ್. ಗಾಡಿ ಜೋರ್ ಆತಂದ್ರ ಅದನ್ನೂ ನೀವ ಹಿಡೀತೀರಿ ಅಂತ ಅವರಿಗೆ ಹೆದರಿಕಿ ಐತಿ.” ನನಗೆ ನಿಜಕ್ಕೂ ಕೆಟ್ಟೆನಿಸಿತು. ಆದರೆ ಬಿಚ್ಚಿದ ಇಂಜಿನ್ನನ್ನು ಹಾಗೇ ಬಿಡಲು ಬರುವುದಿಲ್ಲವಲ್ಲ!

ಎಲ್ಲ ಕೂಡಿಸಿ ಮೊದಲ ಸಲ ಚಾಲೂ ಮಾಡಿದ ಮುಂಜಾನೆ ಇಂಜಿನ್ನು ಟಕಟಕ ಎಂದು ಬಡಿಯತೊಡಗಿತು. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಮಾವನವರ ಮುಖ ಅರಳಿತು. “ಹಳೇದು ಹಿಂಗ ಬಡೀತಿದ್ದಿಲ್ಲ” ಅಂದರು. ಹೊಸ ಪಿಸ್ಟನ್ನು ಕಾದಾಗ ಹೆಚ್ಚು ಹಿಗ್ಗುತ್ತದೆ, ಅದಕ್ಕೇ ಸ್ವಲ್ಪ ಸಡಿಲ ಬಿಟ್ಟಿರುತ್ತೇವೆ, ಕಾದ ಮೇಲೆ ಸದ್ದು ನಿಲ್ಲುತ್ತದೆ ಎಂದು ವಿವರಿಸಿದೆ. ಅವರು ನಂಬಲಿಲ್ಲ, ಆದರೆ ಕಿವಿಗೊಟ್ಟು ಕೂತರು. ಸದ್ದು ನಿಂತಿತು.

“ಮುಂಜಾನಿ ನನ್ನ ಮೊಣಕಾಲೂ ಹಿಂಗ ಬೇ,” ಅಂದರು. “ಚಾ ಬಿದ್ದ ಮ್ಯಾಲೆ ಸುಮ್ನ ಆಗ್ತಾವ.” ಬಹಳ ದಿನದ ಮೇಲೆ ಅವರು ನನ್ನ ಜೊತೆ ಕೊಂಕಿಲ್ಲದೆ ಆಡಿದ ಮಾತದು.

ಇನ್ನು ಉಳಿದದ್ದು ಇಂಜಿನ್ನನ್ನು ಪಳಗಿಸುವ ಕೆಲಸ. ಮೊದಲ ಒಂದು ಸಾವಿರ ಕಿಲೋಮೀಟರು ಅದನ್ನು ದಬಾಯಿಸಬಾರದು. ಒಂದೇ ವೇಗದಲ್ಲೂ ಓಡಿಸಬಾರದು. ಹಗೂರಕ್ಕೆ ಏರಿಸುತ್ತ ಇಳಿಸುತ್ತ ಹೋದರೆ ಪಿಸ್ಟನ್ನಿನ ಸುತ್ತಲಿನ ರಿಂಗುಗಳು ಸಿಲಿಂಡರಿನ ಗೋಡೆಗೆ ಉಜ್ಜಿ ಹೊಂದಿಕೊಳ್ಳುತ್ತವೆ. ಇದೆಲ್ಲ ನನಗೆ ಬಾಯಿಪಾಠವಿತ್ತು. ಕಾಲಿಗೆ ಮಾತ್ರ ಗೊತ್ತಿರಲಿಲ್ಲ. ನಾನು ಹೊರಟ ಮೊದಲ ದಿನವೇ ಒಂದು ಟೆಂಪೋ ಹಾರ್ನ್ ಹೊಡೆದು ಮುಂದೆ ಹೋಯಿತು, ನನ್ನ ಕಾಲು ತಾನಾಗಿ ಆಕ್ಸಿಲರೇಟರನ್ನು ಒತ್ತಿತು. ಬಾಜೂ ಕೂತಿದ್ದ ನಮ್ಮ ಮನೆಯವರು ಹೌಹಾರಿ ಸ್ಟೇರಿಂಗಿಗೇ ಕೈ ಹಾಕಿದರು. ಅಲ್ಲಿಂದಲೇ ಹೊರಳಿ ಬಂದೆವು. ಮರುದಿನ ಅವರು ಓಡಿಸಿ ನೋಡಿದರು, ಅವರದೂ ಅದೇ ಹಣೆಬರಹ.

ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿಕೊಂಡೆ. ಮಾವನವರು ರೊಟ್ಟಿ ಮುರಿಯುತ್ತಾ, “ಹೊಸ ಹೋರಿ ಹೂಡಿದಂಗ ಅನ್ನು,” ಅಂದರು. “ಮೊದಲ ಖಾಲಿ ಬಂಡಿ ಕಟ್ಟಿ ಅಡ್ಡಾಡಸ್ಬೇಕು. ಅವಸರ ಮಾಡಿ ಬಾರಕೋಲು ಎತ್ತಿದ್ರ ಮುಗೀತು, ಜೀವನಪೂರ್ತಿ ಮೊಂಡ ಬೀಳತೈತಿ.”

ನಾನು ಅಂದೆ: “ಮಾವಾರ, ಈ ಊರಾಗ ನಿಮ್ಮಷ್ಟು ಸಾವಕಾಶ ಕಾರ್ ಹೊಡ್ಯಾವ್ರು ಯಾರೂ ಇಲ್ಲ. ನೀವ ಪಳಗಸ್ಬೇಕು.”

ಇದು ಹೊಗಳಿಕೆಯೋ ಬೈಗುಳವೋ ಎಂದು ಅವರು ಮಜ್ಜಿಗೆ ಮುಗಿಯುವವರೆಗೂ ಯೋಚಿಸಿದರು. ಕೈತೊಳೆದು ಬಂದು, “ನಾಳೆ ಯಮನೂರಿಗೆ ಹೋಗೂಣು” ಅಂದರು.

ಇಷ್ಟು ವರ್ಷ ನನಗೆ ಉರಿ ತರಿಸಿದ್ದೆಲ್ಲ ಆ ಇಂಜಿನ್ನಿಗೆ ಅಮೃತವಾಯಿತು. ಕುರಿಹಿಂಡು ಬಂದರೆ ಇಳಿಸುತ್ತಿದ್ದರು, ಹಿಂಡು ದಾಟಿದರೆ ಏರಿಸುತ್ತಿದ್ದರು. ಪರಿಚಯದವರು ಕಂಡರೆ ಮತ್ತೆ ಇಳಿಸುತ್ತಿದ್ದರು, ಈ ತಾಲೂಕಿನಲ್ಲಿ ಅವರಿಗೆ ಪರಿಚಯವಿಲ್ಲದವರೇ ಇಲ್ಲ. ಅಣ್ಣಿಗೇರಿಗೆ ಹೋದೆವು, ಕುಂದಗೋಳಕ್ಕೆ ಹೋದೆವು, ಅತ್ತೆ ವರ್ಷಗಟ್ಟಲೆ ಕಾಣದ ಬೀಗರ ಮನೆಗಳಿಗೆಲ್ಲ ಹೋಗಿ ಚಹಾ ಕುಡಿದೆವು. ನಮ್ಮ ಗಿರಾಕಿಗಳೇ ಟ್ರ್ಯಾಕ್ಟರಿನ ಮೇಲೆ ನಮ್ಮನ್ನು ದಾಟುತ್ತಾ, “ಅಕ್ಕಾರ, ಟರ್ಬೋ ಅಂದ್ರ ಇದ ಏನ್ರಿ?” ಎಂದು ಕಿಚಾಯಿಸುತ್ತಿದ್ದರು. ನಾನು ಹಲ್ಲು ಕಡಿಯುತ್ತಿದ್ದೆ. ಮಾವನವರು ದೊಡ್ಡ ಮನಸ್ಸಿನಿಂದ ಕೈಬೀಸಿ ಅವರಿಗೆ ದಾರಿ ಬಿಡುತ್ತಿದ್ದರು.

ಸಾವಿರ ಮುಗಿಯಿತು. ಆಯಿಲ್ ಇಳಿಸಿ, ಅಂಗೈ ಮೇಲೆ ಹರಡಿ ಬಿಸಿಲಿಗೆ ಹಿಡಿದು ನೋಡಿದೆ. ಲೋಹದ ಚೂರೊಂದೂ ಮಿನುಗಲಿಲ್ಲ. ಇಂಜಿನ್ನು ಅಗದಿ ಚಲೋ ಪಳಗಿತ್ತು. ಎಲ್ಲಿ, ಯಾವ ರಸ್ತೆಯ ಮೇಲೆ ಅದರ ಜೋರು ನೋಡಬೇಕು ಎಂಬುದನ್ನೂ ಮನಸ್ಸಿನಲ್ಲೇ ಗೊತ್ತು ಮಾಡಿಟ್ಟಿದ್ದೆ.

ಮರುದಿನ ಮುಂಜಾನೆ ಮಾವನವರು ಕಾರು ತೊಳೆದು ಅಂಗಡಿಗೆ ತಂದು ನಿಲ್ಲಿಸಿ, ಕೀಲಿಯನ್ನು ನನ್ನ ಕೈಯಲ್ಲಿಟ್ಟರು. “ಸಾವಿರ ಆತು ಯವ್ವಾ. ನನ್ನ ಕೆಲಸ ಮುಗೀತು. ಇನ್ನ ಅದನ್ನ ಓಡಸಾವ್ರು ನೀವು.” ಆಮೇಲೆ ಕೈಚೀಲ ತಗೊಂಡು, “ನವಲಗುಂದದ ಬಸ್ಸು ಹೋತೇನು?” ಎಂದು ಕೇಳಿದರು. ಈ ಸಲ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ಅದಕ್ಕೇ ನನಗೆ ತಡೆಯಲಾಗಲಿಲ್ಲ.

ಕೀಲಿ ಕೈಯಲ್ಲಿತ್ತು. ನನಗೆ ಅದು ಬೇಕಿತ್ತು, ಬಹಳ ಬೇಕಿತ್ತು.

“ಮಾವಾರ,” ಅಂದೆ, “ಆಯಿಲ್ ನೋಡಿದೆ. ಇನ್ನೂ ಪಳಗಿಲ್ರಿ.”

“ಸಾವಿರ ಅಂದಿದ್ದಿಯಲ್ಲ?”

“ಒಂದೊಂದು ಮೊಂಡ ಇರ್ತಾವ್ರಿ.”

ನಮ್ಮ ಮನೆಯವರು ಟ್ರ್ಯಾಕ್ಟರಿನ ಕೆಳಗಿನಿಂದ ತಲೆ ಹೊರಹಾಕಿ ಬಾಯಿ ತೆರೆದರು. ನಾನು ನೋಡಿದ ನೋಟಕ್ಕೆ ಮತ್ತೆ ಒಳಗೆ ಸರಿದರು.

ಮಾವನವರು ನನ್ನನ್ನೇ ನೋಡುತ್ತಾ ನಿಂತರು. “ಮತ್ತ ಪಳಗೂದು ಯಾವಾಗ?”

“ನೀವು ಸಾಕು ಅಂದಾಗ್ರಿ.”

ಅವರು ಕೀಲಿ ತಗೊಂಡು, ಕೈಚೀಲವನ್ನು ಹಿಂದಿನ ಸೀಟಿಗೆ ಒಗೆದು, “ಹತ್ತು” ಅಂದರು.

ಇನ್ನೂ ಅವರು ಸಾಕು ಅಂದಿಲ್ಲ.