ಈರುಳ್ಳಿ ಡಿಎನ್‌ಎಗೊಂದು ಜಾಗ

ಘಣಸೋಲಿಯಲ್ಲಿ ನಾನು ಬಯೋಟೆಕ್ ಕಲಿಸುತ್ತಿದ್ದ ಕ್ಲಾಸಿನಲ್ಲಿ ಒಂದು ಬೆಳಿಗ್ಗೆ ಲೈಟ್ ಹೋಯಿತು. ಮಕ್ಕಳು ಈರುಳ್ಳಿ ಅರೆದು ತೆಗೆದಿದ್ದ ಡಿಎನ್‌ಎ ಮಧ್ಯಾಹ್ನದ ಪ್ರಾಕ್ಟಿಕಲ್‌ವರೆಗೆ ತಣ್ಣಗಿರಬೇಕಿತ್ತು. ಟ್ಯೂಬುಗಳ ಡಬ್ಬಿ ಹಿಡಿದು, ಜನರೇಟರ್ ಇದ್ದ ಕೆಳಗಿನ ಉಡುಪಿ ಹೋಟೆಲಿಗೆ ಓಡಿದೆ.

"ಭಟ್ರೇ, ಫ್ರೀಜರಿನಲ್ಲಿ ಸ್ವಲ್ಪ ಜಾಗ ಕೊಡಿ."

"ನಾನ್‌ವೆಜ್ ಅಲ್ಲ ಅಲ್ವಾ ಮಾರಾಯ್ರೇ?"

"ಛೆ, ಪ್ಯೂರ್ ವೆಜ್. ಈರುಳ್ಳಿಯ ಡಿಎನ್‌ಎ."

ತೆರೆದ ಫ್ರೀಜರ್ ಬಾಗಿಲನ್ನು ಭಟ್ರು ಧಡಕ್ಕನೆ ಮುಚ್ಚಿದರು. "ನೀರುಳ್ಳಿಯಾ! ಇದು ನೀರುಳ್ಳಿ ಮುಟ್ಟದ ಜೈನ್ ಗಿರಾಕಿಗಳ ಫ್ರೀಜರ್."

"ಇದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ."

"ಆದ್ರೂ ನೀರುಳ್ಳಿಯದ್ದೇ ಅಲ್ವಾ?"

ಈರುಳ್ಳಿಯನ್ನು ಈರುಳ್ಳಿ ಮಾಡುವುದೇ ಡಿಎನ್‌ಎ ಎಂದು ವಾರವಿಡೀ ಪಾಠ ಹೇಳಿದ್ದವನು ನಾನೇ.

ಕೊನೆಗೆ ಈರುಳ್ಳಿ ಹಾಕಿದ ಪಾವ್‌ಭಾಜಿ ಮಸಾಲೆ ಇಡುವ ಫ್ರಿಜ್ಜಿನಲ್ಲಿ ಜಾಗ ಸಿಕ್ಕಿತು. ಪ್ರಾಕ್ಟಿಕಲ್ ಚೆನ್ನಾಗಿಯೇ ಆಯಿತು. ಅಂದಿನಿಂದ ನಮ್ಮ ಟ್ಯೂಬುಗಳ ಲೇಬಲ್ಲಿನಲ್ಲಿ ಇನ್ನೊಂದು ಸಾಲಿರುತ್ತದೆ: ನಾನ್-ಜೈನ್.