ಬೆಲ್ಟಿಗೆ ಹಚ್ಚಿದ ಕುಂಕುಮ

ತನ್ನ ತಾಯಿ ತೀರಿಕೊಂಡ ಮೇಲೆ ನನ್ನ ಮಗಳು ಮೊದಲ ಸಲ ಹಾಸ್ಟೆಲಿಗೆ ಹಿಂತಿರುಗುತ್ತಿದ್ದಳು. ಹಾವೇರಿಯಿಂದ ಸಂಜೆಯ ರೈಲು; ಅವಳು ಮಧ್ಯಾಹ್ನದ ಬಸ್ಸಿಗೇ ಅಲ್ಲಿಗೆ ಹೋಗಿದ್ದಳು. ಅವಳನ್ನು ಹತ್ತಿಸಲೆಂದು ನಾನು ಪಾಠ ಮುಗಿಸಿ, ಶಾಲೆ ಬಿಟ್ಟ ಕೂಡಲೇ ಬ್ಯಾಡಗಿಯಿಂದ ಬಾಡಿಗೆ ಜೀಪಿನಲ್ಲಿ ಹೊರಟೆ. ಮೋಟೆಬೆನ್ನೂರಿನ ಹತ್ತಿರ ಹಾರ್ನಿನ ದನಿ ಇಳಿಯಿತು. ಚಾರ್ಜಿಂಗಿನ ಕೆಂಪು ದೀಪ ಉರಿಯುತ್ತಲೇ ಇತ್ತು.

"ಮುಂಜಾನಿಂದ ಅದು ಆರವಲ್ದು ಸರ. ಬ್ಯಾಟರಿ ಹೊಸಾದೈತ್ರಿ. ಕತ್ತಲಾದ್ರ ಲೈಟ್ ಹತ್ತಂಗಿಲ್ಲ, ಮುಂದ ಹೋಗಾಕ ಆಗಂಗಿಲ್ಲ" ಎಂದ ಡ್ರೈವರ್.

ಎಂಜಿನ್ ನಿಲ್ಲಿಸಿ ಬಾನೆಟ್ ಎತ್ತಿದೆವು. ತಂತಿಗಳೆಲ್ಲ ಬಿಗಿಯಾಗಿದ್ದವು. ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ಮುಟ್ಟಿದರೆ ಬೆರಳಿಗೆ ಎಣ್ಣೆ, ಕುಂಕುಮ. ಬೆಲ್ಟ್ ಜಾರುತ್ತಿತ್ತು, ಚಾರ್ಜ್ ಆಗುವುದು ಹೇಗೆ?

"ದಸರಾದಾಗ ಗಾಡಿಗೆ ಖಂಡೇಪೂಜಿ ಮಾಡೇನ್ರಿ, ಹೊರಗ ತಗದಿದ್ದು ಇವತ್ತ. ಒಂದೂ ಬಿಡಬಾರದಂತ ಎಲ್ಲಾದಕ್ಕೂ ಎಣ್ಣಿ-ಕುಂಕುಮ ಹಚ್ಚೇನಿ."

"ಲಗೂನ ಒರಸಪಾ."

"ಪೂಜಿ ಮಾಡಿದ ಕೈಲೆ ಒರಸ್ತಾರೇನ್ರಿ? ನಿಮ್ಮ ಮನ್ಯಾಗ ಒರಸ್ತೀರೇನು?"

"ಈ ವರ್ಷ ನಮಗ ಹಬ್ಬ ಇಲ್ಲಪಾ."

ಅವನು ನನ್ನ ಮುಖ ನೋಡಿದ. ಆಮೇಲೆ ಮೆಲ್ಲಗೆ, "ಹಂಗಾದ್ರ ನೀವ ಒರಸ್ರಿ ಸರ. ನಿಮಗ ನಡೀತೈತಿ" ಎಂದು ಅರಿವೆ ಕೊಟ್ಟ.

ಒರೆಸಿದೆ. ಜಿಡ್ಡು ಹೋಗಲೆಂದು ಜೇಬಿನಲ್ಲಿದ್ದ ಸೀಮೆಸುಣ್ಣ ಪುಡಿಮಾಡಿ ಉಜ್ಜಿ, ಮತ್ತೆ ಒರೆಸಿದೆ. ಬ್ಯಾಟರಿ ಇಳಿದಿದ್ದರಿಂದ ದಾರಿಯಲ್ಲಿದ್ದವರು ಜೀಪು ತಳ್ಳಿಕೊಟ್ಟರು. ಎಂಜಿನ್ ಹೊತ್ತಿಕೊಂಡಿತು, ಕೆಂಪು ದೀಪ ಆರಿತು.

ನಾನು ಪ್ಲಾಟ್‌ಫಾರ್ಮಿಗೆ ಬಂದಾಗ ರೈಲು ನಿಂತಿತ್ತು. ಮಗಳು ಕಿಟಕಿಯಿಂದ ನನ್ನ ಕೈ ಹಿಡಿದವಳು ಬೆರಳು ನೋಡಿ ಕೇಳಿದಳು:

"ಅಪ್ಪಾ, ಕುಂಕುಮ! ಪೂಜಿ ಮಾಡಿದ್ರೇನು?"

"ಇಲ್ಲವಾ, ಒರಸಿದೆ" ಎಂದೆ.

ಅವಳು ನಕ್ಕಳು. ಆ ವರ್ಷ ನಮ್ಮ ಮನೆಯಲ್ಲಿ ಆದ ಹಬ್ಬ ಅಷ್ಟೇ.